ಗಜೇಂದ್ರ ಹೇಳಿದ ಹಗಲುಗತೆ

"ಇವತ್ತಿನಿಂದ ಈ ಗಾಡಿಗೆ ಮೆಕ್ಯಾನಿಕ್ ಅನ್ನೋನೇ ಬೇಡ! ಎಲ್ಲಿ ನೋವು, ಎಂಥ ನೋವು, ಅದೇ ಬಾಯಿಬಿಟ್ಟು ಹೇಳುತ್ತೆ!"

ಓಬಳೇಶ ಮಾವ ಹೀಗೆ ಸಾರಿ, ಮದುಮಗಳ ಮುಸುಕು ಸರಿಸುವಷ್ಟು ಮೆಲ್ಲಗೆ, ಗಜೇಂದ್ರನ ಮೂತಿಗೆ ಹೊದಿಸಿದ್ದ ಶಾಮಿಯಾನದ ತುಂಡನ್ನು ಸರಿಸಿದರು. ಅಂಗಳದಲ್ಲಿ ನೆರೆದಿದ್ದ ಜನಸ್ತೋಮ ಅಂದರೆ ನಾವು ಮೂವರು. ಹೊರಸಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ ಅಜ್ಜಿ, ಸೊಂಟಕ್ಕೆ ಕೈಯಿಟ್ಟು ನಿಂತಿದ್ದ ತಿಪ್ಪಮ್ಮತ್ತೆ, ಮತ್ತೆ ನಾನು, ಪಾರಿಜಾತ. ಮಾವ ಅಂದರೆ ನನ್ನಮ್ಮನ ತಮ್ಮ. ಅಜ್ಜಿ ಅವರಿಬ್ಬರ ತಾಯಿ. ಗಜೇಂದ್ರ ಅಂದರೆ ಆನೆಯಲ್ಲ, ನಮ್ಮ ಪಿಕಪ್ ಗಾಡಿ.

ಚಳ್ಳಕೆರೆಯಲ್ಲಿ ಮಾವನದು ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಎಂಟು ದೊಡ್ಡ ಹಂಡೆ, ಮುನ್ನೂರು ಕುರ್ಚಿ, ಕಂಬ, ಜಮಖಾನ ಎಲ್ಲವನ್ನೂ ಹದಿನೈದು ವರ್ಷದಿಂದ ಒಬ್ಬನೇ ಹೊತ್ತವನು ಈ ಗಜೇಂದ್ರ. ಎರಡು ಸಾಲು ಸೀಟಿನ, ಎತ್ತರದ, ಭಾರೀ ಗಾಡಿ. ಚಿಕ್ಕವಳಿದ್ದಾಗ ಅದರ ಹಿಂದೆ ಖಾಲಿ ಹಂಡೆಯೊಳಗೆ ಕೂತು ನಾನು ಸಮುದ್ರ ದಾಟುತ್ತಿದ್ದೆ. ಈಗಲೂ ಯಾರೂ ನೋಡದಿದ್ದರೆ ದಾಟುತ್ತೇನೆ.

ಆದರೆ ಗಜೇಂದ್ರನಿಗೆ ವಯಸ್ಸಾಗಿತ್ತು. ಮಳೆ ಬಂದರೆ ಮಲಗುತ್ತಿದ್ದ ವೈಪರು ಬಿಸಿಲು ಬಂದ ಕೂಡಲೆ ಎದ್ದು ಕುಣಿಯುತ್ತಿತ್ತು. ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದರೆ ಗಾಡಿ ಸ್ವಲ್ಪ ಯೋಚನೆ ಮಾಡಿ, ಆಮೇಲೆ ತಿರುಗುತ್ತಿತ್ತು. ಎಲ್ಲಕ್ಕೂ ಮಾವನ ಹತ್ತಿರ ಒಂದೇ ರಿಪೇರಿ ಇತ್ತು. ಆಯುಧಪೂಜೆಯ ನಿಂಬೆಹಣ್ಣು! ಏನು ಕೆಟ್ಟರೂ ಅಲ್ಲೊಂದು ನಿಂಬೆಹಣ್ಣು ಕಟ್ಟಿ ಕೈಮುಗಿಯುವುದು. ಆ ಹೊತ್ತಿಗೆ ಗಾಡಿಯ ಮೇಲೆ ಹದಿನೇಳು ನಿಂಬೆಹಣ್ಣು ತೂಗುತ್ತಿದ್ದವು.

"ಇದು ಗಾಡಿಯೋ, ಉಪ್ಪಿನಕಾಯಿ ಜಾಡಿಯೋ?" ಅಂತ ಅತ್ತೆ ಕೇಳಿ ಕೇಳಿ ಸೋತಿದ್ದರು. "ರೀ, ಬ್ರೇಕು ಮೆತ್ತಗಾಗಿದೆ ಕಣ್ರೀ" ಅಂತಲೂ ಒಂದು ತಿಂಗಳಿಂದ ಹೇಳುತ್ತಿದ್ದರು. ಅತ್ತೆ ಮಾತಾಡುವಾಗ ಮಾವ ಯಾವಾಗಲೂ ಯಾವುದಾದರೂ ಸ್ಕ್ರೂ ತಿರುಗಿಸುತ್ತಿರುತ್ತಾರೆ. ಮನೆಯಲ್ಲಿ ಸ್ಕ್ರೂ ಇಲ್ಲದಿದ್ದರೆ ಬೇರೆ ಯಾರದಾದರೂ ಮನೆಗೆ ಹೋಗಿ ತಿರುಗಿಸುತ್ತಾರೆ.

ಮರುದಿನ ಗಜೇಂದ್ರನ ಎಫ್.ಸಿ. ಗಾಡಿ ರಸ್ತೆಗೆ ಯೋಗ್ಯ ಅಂತ ಮೋಟಾರು ಇನ್ಸ್‌ಪೆಕ್ಟರು ನೋಡಿ, ಓಡಿಸಿ, ಚೀಟಿ ಕೊಡುವ ದಿನ. ಅತ್ತೆ ತೀರ್ಮಾನ ಹೇಳಿಬಿಟ್ಟಿದ್ದರು. "ನಾಳೆ ಫೇಲಾದರೆ ಸೀದಾ ಗುಜರಿಗೆ. ಜನರ ಪ್ರಾಣ ತೆಗೆಯೋ ಗಾಡಿ ನನಗೆ ಬೇಡ!" ಗುಜರಿಯವರು ಆಗಲೇ ಒಂದು ಸಲ ಬಂದು, ಕುರಿ ಕೊಳ್ಳುವವರ ಹಾಗೆ ಗಜೇಂದ್ರನ ಬೆನ್ನು ತಟ್ಟಿ ನೋಡಿ ಹೋಗಿದ್ದರು. ಆ ದಿನ ಮಾವ ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಅದಕ್ಕೇ ಹುಟ್ಟಿದ್ದು ಈ ಯಂತ್ರ.

"ಇದರ ಹೆಸರು ವಾಹನವಾಣಿ!" ಅಂದರು ಮಾವ. ಕುಕ್ಕರಿನ ಮುಚ್ಚಳ, ಹಳೇ ಟೇಪ್‌ರೆಕಾರ್ಡರ್, ಅದಕ್ಕೆ ಸಿಕ್ಕಿಸಿದ ಒಂದು ಪುಟಾಣಿ ಕಂಪ್ಯೂಟರು. ಬಾನೆಟ್ಟಿನ ಮೇಲೆ ಮದುವೆ ಮೈಕ್‌ಸೆಟ್ಟಿನ ದೊಡ್ಡ ಕಹಳೆ. ಗಾಡಿಯ ಮೈಯೆಲ್ಲ ಆಸ್ಪತ್ರೆಯಲ್ಲಿ ಎದೆಗೆ ಅಂಟಿಸುತ್ತಾರಲ್ಲ, ಹಾಗೆ ಅರವತ್ತು ತಂತಿ. "ಗಾಡೀಲಿ ಎಲ್ಲಿ ತೊಂದರೆ ಇದ್ದರೂ ಈ ತಂತಿಗೆ ಗೊತ್ತಾಗುತ್ತೆ. ತಕ್ಷಣ ಮನುಷ್ಯರ ಹಾಗೆ ಮಾತಾಡಿ ಹೇಳುತ್ತೆ. ಯಂತ್ರ ಬಾಯಿ ಮುಚ್ಚಿಕೊಂಡರೆ ಎಂಜಿನ್ನೂ ಆಫ್. ಯಾಕಂದ್ರೆ ತನ್ನ ಕಷ್ಟ ಹೇಳಿಕೊಳ್ಳದ ಗಾಡಿ ಓಡಬಾರದು. ಅದೇ ಸೇಫ್ಟಿ!"

"ಮಾತು ಯಾರು ಕಲಿಸಿದ್ರು ಅದಕ್ಕೆ?" ಅಂತ ಅತ್ತೆ ಕೇಳಿದರು.

ಮಾವ ಕೀ ತಿರುಗಿಸಿದರು. ಗಜೇಂದ್ರ ಕೆಮ್ಮಿ, ಗುಡುಗಿ, ಎದ್ದ. ಕಹಳೆಯಿಂದ ದನಿ ಬಂತು.

"ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ..."

ಅಜ್ಜಿಯ ಕೈಯಿಂದ ಕಡಲೆಕಾಯಿ ಬಿತ್ತು. ಅದು ಅಜ್ಜಿಯದೇ ದನಿ! ಅದೇ ರಾಗ, ಅದೇ ಎಲೆಅಡಿಕೆ ತುಂಬಿದ ಬಾಯಿ!

"ಲೇ ಓಬಳೇಶ! ನನ್ನನ್ನ ಗಾಡಿಯೊಳಗೆ ಹಾಕಿದ್ಯೇನೋ!"

"ಇಲ್ಲ ಅವ್ವ. ಯಂತ್ರಕ್ಕೆ ಮಾತು ಕಲಿಸೋಕೆ ಒಬ್ಬರೇ ಗಂಟೆಗಟ್ಟಲೆ ಮಾತಾಡಿದ್ದು ಬೇಕಿತ್ತು. ನಮ್ಮನೇಲಿ ಇದ್ದಿದ್ದು ನೀನು ಪಾರಿಗೆ ಹೇಳ್ತಿದ್ದ ಕತೆಗಳ ಕ್ಯಾಸೆಟ್ಟು. ನಲವತ್ತೆರಡು ಕ್ಯಾಸೆಟ್ಟು! ಎಲ್ಲಾ ಕುಡಿಸಿಬಿಟ್ಟೆ!"

"ನನ್ನ ಮಾತು ಹಾಕಬೇಕಿತ್ತು. ನೇರವಾಗಿ ಹೇಳಿರೋದು" ಅಂದರು ಅತ್ತೆ.

"ನಿನ್ನ ಮಾತು ಹಾಕಿದ್ದರೆ ಗಾಡಿ ಮನೆ ಬಿಟ್ಟು ಓಡಿಹೋಗಿರೋದು!"

ಅಷ್ಟರಲ್ಲಿ ಎಂಜಿನ್ ಗಕ್ಕನೆ ನಿಂತಿತು. ಮಾವ ಮತ್ತೆ ಕೀ ತಿರುಗಿಸಿದರು. "ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ..." ಅಂತು. ಮತ್ತೆ ನಿಂತಿತು. ಮೂರು ಸಲ ಹಾಗೇ ಆಯಿತು. ನಾಲ್ಕನೇ ಸಲ ನಾನು, ನನಗೇ ತಿಳಿಯದೆ, "ಹ್ಞೂಂ" ಅಂದುಬಿಟ್ಟೆ.

ಗಜೇಂದ್ರ ಆನಂದದಿಂದ ಘರ್ಜಿಸಿದ!

ನನಗೆ ಆಗ ಹೊಳೆಯಿತು. ಅಜ್ಜಿಯ ಹತ್ತಿರ ಕತೆ ಕೇಳುವಾಗ ಮಾತು ಮಾತಿಗೂ ಹ್ಞೂಂಗುಟ್ಟಬೇಕು. ಹ್ಞೂಂ ನಿಂತರೆ ಕೂಸು ಮಲಗಿತು ಅಂತ ಅಜ್ಜಿ ಅಲ್ಲಿಗೇ ಕತೆ ನಿಲ್ಲಿಸುತ್ತಿದ್ದಳು. ನಲವತ್ತೆರಡು ಕ್ಯಾಸೆಟ್ಟಿನಲ್ಲೂ ಹಾಗೇ ಆಗಿತ್ತು. ಯಂತ್ರ ಅದನ್ನೂ ಕಲಿತಿತ್ತು! ಹ್ಞೂಂ ಇಲ್ಲದಿದ್ದರೆ ಕತೆ ಇಲ್ಲ, ಕತೆ ಇಲ್ಲದಿದ್ದರೆ ಎಂಜಿನ್ ಇಲ್ಲ.

"ಆ ರಾಜನ ಅರಮನೆಗೆ ಎಡಗಡೆ ಒಂದು ಬಾಗಿಲಂತೆ."

"ಹ್ಞೂಂ."

"ಅದಕ್ಕೆ ಚಿಲಕ ಇರಲಿಲ್ಲವಂತೆ. ತಿರುವು ಬಂದರೆ ತಾನೇ ತೆರೆದುಕೊಳ್ತಿತ್ತಂತೆ."

"ಹ್ಞೂಂ."

"ಆಗ ರಾಜ ಏನು ಮಾಡಿದ? ರಾಣಿ ಮಲಗಿದ್ದಾಗ ಅವಳ ನೀಲಿ ಇಳಕಲ್ ಸೀರೆ ಕದ್ದು, ಹರಿದು, ಬಾಗಿಲಿಗೆ ಕಟ್ಟಿದನಂತೆ."

ಅತ್ತೆ ಹೋಗಿ ಎಡಬಾಗಿಲಿನ ಹಿಂದೆ ಕೈಹಾಕಿ ನೀಲಿ ಸೆರಗಿನ ತುದಿ ಎಳೆದರು.

"ಧೋಬಿ ಕಳೆದುಹಾಕಿದ ಅಂದ್ರಲ್ರೀ! ಆ ಬಡಪಾಯಿ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದೀನಲ್ರೀ!"

"ನೋಡಿದ್ಯಾ, ಯಂತ್ರ ಎಷ್ಟು ಕರೆಕ್ಟಾಗಿ ಹೇಳುತ್ತೆ!" ಅಂದರು ಮಾವ, ಹಿಂದೆ ಹಿಂದೆ ಸರಿಯುತ್ತ.

*

ಬೆಳಿಗ್ಗೆ ಹೊರಡುವಾಗ ಅಜ್ಜಿ ಅಡ್ಡ ನಿಂತಳು. "ಹಗಲು ಹೊತ್ತು ಕತೆ ಹೇಳಬಾರದು ಕಣೋ. ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ."

ಇದು ಅಜ್ಜಿಯ ಹಳೇ ಕಾನೂನು. ಚಿಕ್ಕಂದಿನಲ್ಲಿ ನಾನು ಎಷ್ಟು ಹಟ ಮಾಡಿದರೂ ದೀಪ ಹಚ್ಚುವ ತನಕ ಅವಳು ಬಾಯಿ ಬಿಡುತ್ತಿರಲಿಲ್ಲ. ಮಾವ ಹಂಡೆ ಹೊತ್ತುಕೊಂಡು ಯಾವುದೋ ಕಾಡಿನಲ್ಲಿ ಅಲೆಯುವುದನ್ನು ನೆನೆಸಿಕೊಂಡು ನಾನೂ ಸುಮ್ಮನಾಗುತ್ತಿದ್ದೆ.

"ಅವ್ವ, ಈ ರಸ್ತೇಲಿ ನಾನು ಕಣ್ಣು ಮುಚ್ಚಿಕೊಂಡು ಹೋಗ್ತೀನಿ!" ಅಂದರು ಮಾವ.

"ದಯವಿಟ್ಟು ತೆಗೆದುಕೊಂಡೇ ಹೋಗ್ರಿ" ಅಂದರು ಅತ್ತೆ.

"ನನ್ನ ದನಿ ಊರೂರು ಸುತ್ತೋಕೆ ಹೊರಟಿದೆ. ಅದನ್ನ ಒಂಟಿ ಬಿಡ್ತೀನಾ?" ಅಂತ ಅಜ್ಜಿಯೂ ಹತ್ತಿದಳು. ಮುಂದೆ ಮಾವ, ಹ್ಞೂಂಗುಟ್ಟುವ ಕೆಲಸಕ್ಕೆ ನಾನು. ಹಿಂದಿನ ಸೀಟಿನಲ್ಲಿ ಅಜ್ಜಿ ಮತ್ತು ಅತ್ತೆ.

ಗಜೇಂದ್ರ ಕತೆ ಶುರು ಮಾಡಿದ. ಕುಡಿಯುತ್ತಾ ಹೋದಂತೆ ಸೋರುತ್ತಾ ಹೋಗುವ ಹೊಟ್ಟೆಯ ರಾಕ್ಷಸನ ಕತೆ. ಅಂದರೆ ಡೀಸೆಲ್ ಟ್ಯಾಂಕು. ಒಂದು ಕಣ್ಣಿನಲ್ಲಿ ಬೆಳದಿಂಗಳು, ಇನ್ನೊಂದರಲ್ಲಿ ಅಮಾವಾಸ್ಯೆ ಇದ್ದ ರಾಜಕುಮಾರಿಯ ಕತೆ. ಅಂದರೆ ಹೆಡ್‌ಲೈಟು. ನಾನು ಹ್ಞೂಂ ಅನ್ನುತ್ತ ಅನ್ನುತ್ತ ಎಲ್ಲೋ ತೇಲಿಹೋಗಿದ್ದೆ. ನಮ್ಮ ಪಕ್ಕದಲ್ಲಿ ಬೆಟ್ಟದ ಮೇಲಿನ ಗಾಳಿಯಂತ್ರಗಳು ಬಿಳೀ ಕೈ ಬೀಸುತ್ತ ಬಾ ಬಾ ಅನ್ನುತ್ತಿದ್ದವು. ಮಾವನೂ ಬಾಯಿ ತೆರೆದುಕೊಂಡು ಕೇಳುತ್ತಿದ್ದರು.

"ಆಮೇಲೆ ಆ ರಾಜಕುಮಾರಿ ಏಳು ಜನ ಕಳ್ಳರನ್ನ..."

"ಏಳಲ್ಲ, ಐದು!" ಅಂದಳು ಅಜ್ಜಿ ಹಿಂದಿನಿಂದ.

"ಏಳು ಜನ ಕಳ್ಳರನ್ನ..."

"ಐದು ಅಂದೆನಲ್ಲೇ! ನನ್ನ ಕತೆ ನನಗೇ ತಿದ್ದುತೀಯಾ?"

"ಏಳು."

"ನಿನ್ನ ನಾಲಿಗೆ ಸೇದಿಹೋಗ!"

ತನ್ನ ದನಿಯ ಜೊತೆಯೇ ಅಜ್ಜಿ ಹೀಗೆ ಜಗಳ ಆಡುತ್ತಿರುವಾಗ, ಅತ್ತೆ ಕಿಟಕಿಯಿಂದ ಹೊರಗೆ ನೋಡಿ, "ರೀ, ಎಫ್.ಸಿ. ಮೈದಾನದಲ್ಲಿ ಇಷ್ಟೊಂದು ಕುರಿ ಯಾಕಿವೆ?" ಅಂತ ಕೇಳಿದರು.

ನಾವು ಒಂದು ಕುರಿಹಟ್ಟಿಯ ನಡುಮಧ್ಯೆ ನಿಂತಿದ್ದೆವು. ಸುತ್ತ ಇನ್ನೂರು ಕುರಿಗಳು ತಲೆ ಎತ್ತಿ ಕತೆ ಕೇಳುತ್ತಿದ್ದವು. ಹೆದ್ದಾರಿ ಎಲ್ಲಿತ್ತೋ ದೇವರೇ ಬಲ್ಲ.

"ತಪ್ಪಿದನೋ ಇಲ್ಲವೋ ಸೋದರಮಾವ!" ಅಂತ ಅಜ್ಜಿ ಚಪ್ಪಾಳೆ ತಟ್ಟಿದಳು.

ಕುರುಬರ ಹಿರಿಯರೊಬ್ಬರು ಬಂದು ದಾರಿ ತೋರಿಸಿದರು. "ದಿಬ್ಬ ಹತ್ತಿ ಇಳಿದರೆ ಎಣ್ಣೆ ಮಿಲ್ಲು. ಅದರ ಪಕ್ಕದಲ್ಲೇ ಹೆದ್ದಾರಿ ಸಿಗ್ತದೆ. ಹೋಗ್ರಪ್ಪ, ನಮ್ಮ ಕುರಿ ಮೇಯೋದು ಬಿಟ್ಟಾವೆ" ಅಂದರು.

*

ದಿಬ್ಬ ಹತ್ತಿದ್ದು ಚೆನ್ನಾಗಿಯೇ ಇತ್ತು. ತುದಿ ದಾಟಿ ಇಳಿಜಾರು ಶುರುವಾದಾಗ ಕಹಳೆಯ ದನಿ ಬದಲಾಯಿತು. ಅಜ್ಜಿ ದುಃಖದ ಕತೆಗೆ ಇಟ್ಟುಕೊಂಡಿದ್ದ ಸಣ್ಣ ದನಿ ಅದು.

"ಒಂದೂರಲ್ಲಿ ಇಬ್ಬರು ಅಣ್ಣತಮ್ಮಂದಿರು ಇದ್ದರಂತೆ."

"ಹ್ಞೂಂ" ಅಂದೆ.

"ಒಬ್ಬರ ಪಕ್ಕ ಒಬ್ಬರು ಮನೆ ಮಾಡಿದ್ದರಂತೆ, ರಾಜನ ಕಾಲ ಕೆಳಗೆ."

"ಹ್ಞೂಂ."

"ಅಣ್ಣನನ್ನ ಎಷ್ಟು ಕರೆದರೂ ಬರೋನಲ್ಲ. ತಮ್ಮನನ್ನ ಕಳಿಸಿದರೆ ತಿರುಗಿ ಬರೋನಲ್ಲ."

ನನಗೆ ಆ ಇಬ್ಬರೂ ಕಣ್ಣಿಗೆ ಕಟ್ಟಿದರು. ಒಬ್ಬ ಸೋಮಾರಿ, ಮೀಸೆಯವನು. ಇನ್ನೊಬ್ಬ ಅಲೆಮಾರಿ, ಕೊಳಲು ಹಿಡಿದವನು. ಪಾಪ, ತಾಯಿಗೆಷ್ಟು ಸಂಕಟ... ಅಂದುಕೊಳ್ಳುತ್ತಿರುವಾಗಲೇ ನೆಟ್ಟಗೆ ಕೂತೆ. ರಾಜನ ಕಾಲ ಕೆಳಗೆ? ಒಬ್ಬರ ಪಕ್ಕ ಒಬ್ಬರು?

"ಮಾವಾ! ಅಣ್ಣ ಅಂದರೆ ಬ್ರೇಕು! ತಮ್ಮ ಅಂದರೆ ಆಕ್ಸಿಲೇಟರ್!"

ಮಾವ ಬ್ರೇಕು ತುಳಿದರು. ಅದು ಬೆಣ್ಣೆಯೊಳಗೆ ಇಳಿದಂತೆ ನೆಲದ ತನಕ ಇಳಿಯಿತು. ಆಕ್ಸಿಲೇಟರಿನಿಂದ ಕಾಲು ತೆಗೆದರು. ಅದು ಮೇಲೆ ಬರಲೇ ಇಲ್ಲ! ಗಜೇಂದ್ರ ನಿಜವಾದ ಆನೆಯ ಹಾಗೆ ಘೀಳಿಟ್ಟು ಇಳಿಜಾರಿನಲ್ಲಿ ನುಗ್ಗಿದ.

"ಬ್ರೇಕು ಮೆತ್ತಗಾಗಿದೆ ಅಂದೆನಲ್ರೀ! ತಿಂಗಳಿಂದ ಬಡ್ಕೊಂಡೆನಲ್ರೀ!"

"ಹ್ಯಾಂಡ್‌ಬ್ರೇಕ್ ಎಳೀರಿ ಮಾವ!"

ಮಾವ ಎಳೆದರು. ಅದು ನಿಂಬೆಹಣ್ಣಿನ ಸಮೇತ ಕೈಗೇ ಬಂತು.

"ಕೀ ಆಫ್ ಮಾಡಿ!"

"ಕೀ ಇರೋದು ಬರೀ ಸ್ಟಾರ್ಟ್ ಮಾಡೋಕೆ ಪಾರಿ! ಆಫ್ ಮಾಡೋ ಅಧಿಕಾರ ಎಲ್ಲಾ ಯಂತ್ರಕ್ಕೇ ಕೊಟ್ಟುಬಿಟ್ಟಿದ್ದೀನಿ!"

ಯಂತ್ರಕ್ಕೆ! ಯಂತ್ರ ಬಾಯಿ ಮುಚ್ಚಿದರೆ ಎಂಜಿನ್ ಆಫ್. ಯಂತ್ರ ಬಾಯಿ ಮುಚ್ಚಬೇಕಾದರೆ...

"ಯಾರೂ ಹ್ಞೂಂ ಅನ್ನಬೇಡಿ!" ಅಂತ ಕಿರುಚಿದೆ.

ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ. ಕಹಳೆ ಕಾದಿತು. ಎಂಜಿನ್ ಒಂದು ಸಲ ಬಿಕ್ಕಿತು, ಇನ್ನೇನು ನಿಲ್ಲಬೇಕು.

"ಹ್ಞೂಂ, ಆಮೇಲೆ?" ಅಂದಳು ಅಜ್ಜಿ.

ಗಜೇಂದ್ರ ಇನ್ನೂ ಜೋರಾಗಿ ಹಾರಿದ!

"ಅಜ್ಜೀ!"

"ಅಲ್ಲವೇ, ಈ ಕತೆ ನಾನು ಯಾವತ್ತೂ ಹೇಳಿಲ್ಲ. ಹೊಸದು! ಆ ಅಣ್ಣತಮ್ಮಂದಿರು ಕೊನೆಗೆ ಏನಾದರು ಅಂತ..."

"ಕೊನೆಗೆ ಅವರಿಬ್ಬರೂ, ಅವರ ಜೊತೆ ನಾವು ನಾಲ್ವರೂ ಸ್ವರ್ಗಕ್ಕೆ ಹೋದೆವಂತೆ!" ಅಂತ ಕೂಗಿ, ಅತ್ತೆ ತಮ್ಮ ಬಾಳಿನಲ್ಲಿ ಮೊದಲ ಸಲ, ಮೂವತ್ತು ವರ್ಷದಿಂದ ಮಾಡಬೇಕೆಂದಿದ್ದ ಕೆಲಸ ಮಾಡಿದರು. ಎರಡೂ ಕೈಯಿಂದ ಗಟ್ಟಿಯಾಗಿ ಅಜ್ಜಿಯ ಬಾಯಿ ಮುಚ್ಚಿದರು.

ಕಹಳೆ ಮತ್ತೆ ಕಾದಿತು. "ಕೂಸು ಮಲಗಿತೇನೋ..." ಅಂತು, ಎಷ್ಟೋ ವರ್ಷದ ಹಿಂದಿನ ಅದೇ ಅಕ್ಕರೆಯಿಂದ. ಎಂಜಿನ್ ನಿಂತಿತು. ಗೇರಿನಲ್ಲಿದ್ದ ಗಾಡಿ ಮುಲುಗುತ್ತ, ವೇಗ ಇಳಿಸುತ್ತ, ಎಣ್ಣೆ ಮಿಲ್ಲಿನ ಹಿಂದೆ ಗುಡ್ಡದಂತೆ ಸುರಿದಿದ್ದ ಕಡಲೆಕಾಯಿ ಸಿಪ್ಪೆಯ ರಾಶಿಯೊಳಗೆ ಧೊಪ್ಪನೆ ಮೂತಿ ಹೂತುಕೊಂಡು ನಿಂತಿತು.

ಸಿಪ್ಪೆ ಮೆಲ್ಲಗೆ ನಮ್ಮ ಮೇಲೆ ಉದುರುತ್ತಿತ್ತು. ಅತ್ತೆ ಹಿಂದಿನಿಂದ ಬಾಗಿ ನನ್ನ ತಲೆ ಮುಟ್ಟಿದರು, ಮಾವನ ಭುಜ ಮುಟ್ಟಿದರು, ಎಲ್ಲರೂ ಇದ್ದಾರೆಯೇ ಅಂತ ಎಣಿಸಿದರು. ಆಮೇಲೆ ಬೈಗುಳ ಶುರು ಮಾಡಿದರು. ಮಾವ ಯಾವ ಸ್ಕ್ರೂವನ್ನೂ ಹುಡುಕಲಿಲ್ಲ.

*

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು ಎಫ್.ಸಿ.ಗೆ ಬಂದ ಮೊದಲ ಗಾಡಿ ನಮ್ಮದೇ ಇರಬೇಕು. ಸರದಿಯಲ್ಲಿ ಇಪ್ಪತ್ತಮೂರು ಲಾರಿ, ಟೆಂಪೋಗಳಿದ್ದವು. ಮೋಟಾರು ಇನ್ಸ್‌ಪೆಕ್ಟರು ಚಂದ್ರಮೌಳಿ ಅಂತ. ತೆಳ್ಳಗೆ, ಉದ್ದಕ್ಕೆ, ನಗುವುದಕ್ಕೂ ಅರ್ಜಿ ಕೇಳುವವರ ಹಾಗಿದ್ದರು.

"ಏನಾದರೂ ತೊಂದರೆ ಇದೆಯೇನ್ರೀ ಗಾಡೀಲಿ?"

ಮಾವ ಕಿವಿಯೊಳಗಿನ ಸಿಪ್ಪೆ ತೆಗೆದುಕೊಂಡರು. ನನ್ನನ್ನು ನೋಡಿದರು. ಗುಜರಿ ಅನ್ನುವ ಪದ ಅವರ ಕಣ್ಣಿನಲ್ಲಿ ತೇಲಿತು.

"ಏನೂ ಇಲ್ಲ ಸಾರ್. ಬಂಗಾರದಂಥ ಗಾಡಿ" ಅಂತ ಹೇಳಿ, ಅಭ್ಯಾಸ ನೋಡಿ, ಕೀ ತಿರುಗಿಸಿ ತೋರಿಸಿಯೂ ಬಿಟ್ಟರು!

"ಒಂದೂರಲ್ಲಿ ಸುಳ್ಳು ಹೇಳೋ ರಾಜ ಒಬ್ಬ ಇದ್ದನಂತೆ" ಅಂತು ಕಹಳೆ.

ಇನ್ಸ್‌ಪೆಕ್ಟರ ಮುಖದಲ್ಲಿ ಏನೋ ಸಡಿಲವಾಯಿತು. ಯಾವ ಅಜ್ಜಿ ನೆನಪಾದಳೋ.

"ಹ್ಞೂಂ?" ಅಂದರು.

ಮುಗಿಯಿತು! ಬಾಗಿಲು, ಟ್ಯಾಂಕು, ಒಕ್ಕಣ್ಣಿನ ರಾಜಕುಮಾರಿ, ಅಣ್ಣತಮ್ಮಂದಿರು ಒಬ್ಬರನ್ನೂ ಗಜೇಂದ್ರ ಬಿಡಲಿಲ್ಲ. ಇನ್ಸ್‌ಪೆಕ್ಟರು ಕಲ್ಲಿನ ಮೇಲೆ ಕೂತು ಹ್ಞೂಂಗುಟ್ಟುತ್ತ ಬರೆದುಕೊಂಡರು. ಸರದಿಯ ಡ್ರೈವರುಗಳು ಇಳಿದು ಬಂದು ಸುತ್ತ ಚಕ್ಕಳಮಕ್ಕಳ ಹಾಕಿ ಕೂತರು. ಮಾತು ಮಾತಿಗೂ ಇಪ್ಪತ್ತಮೂರು ಗಂಡುದನಿಯ "ಹ್ಞೂಂ" ಮೈದಾನವನ್ನು ನಡುಗಿಸಿತು. ಹಿಂದಿನ ಚಕ್ರದ ನಟ್ಟುಗಳು ಒಂದೊಂದಾಗಿ ಮನೆ ಬಿಟ್ಟು ಹೋದ ಭಾಗಕ್ಕೆ ಒಬ್ಬ ಟ್ಯಾಂಕರ್ ಡ್ರೈವರು ಕಣ್ಣೀರೇ ಹಾಕಿಬಿಟ್ಟರು.

ಕತೆ ಮುಗಿದಾಗ ಇನ್ಸ್‌ಪೆಕ್ಟರು ಕನ್ನಡಕ ಒರೆಸಿಕೊಂಡರು. "ಹತ್ತೊಂಬತ್ತು ದೋಷ! ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ನನಗೆ ನಿಜ ಹೇಳಿದ ಗಾಡಿ ಇದೊಂದೇ. ಈ ಯಂತ್ರ ಎಷ್ಟು ಚೆನ್ನಾಗಿದೆ! ಉಳಿದ ಗಾಡಿಗಳಿಗೂ ಈಗಲೇ ಒಂದೊಂದು ಸಲ ಕಟ್ಟಿ ನೋಡೋಣವಾ?"

ಅವರು ತಿರುಗಿ ನೋಡುವಷ್ಟರಲ್ಲಿ ಮೈದಾನ ಖಾಲಿ. ದೂಳು ಮಾತ್ರ ಇತ್ತು.

"ನಮ್ಮದು, ಸಾರ್?" ಮಾವನ ದನಿ ಕೇಳಿಸುವಂತಿರಲಿಲ್ಲ.

"ಫೇಲು" ಅಂದರು ಇನ್ಸ್‌ಪೆಕ್ಟರು. "ಒಂದು ತಿಂಗಳು ಟೈಮು. ಹತ್ತೊಂಬತ್ತೂ ಸರಿ ಮಾಡಿಸಿ, ಓಡಿಸಿ ತೋರಿಸಿ. ಒಂದು ಉಳಿದರೂ ಈ ಗಾಡಿ ರಸ್ತೆಗೆ ಇಳಿಯೋದಿಲ್ಲ."

ಮಾವ ಅತ್ತೆಯ ಮುಖ ನೋಡಿದರು. ಅತ್ತೆ ಗಜೇಂದ್ರನ ಬಾನೆಟ್ಟಿನ ಮೇಲಿನ ಸಿಪ್ಪೆಯನ್ನು ಸೆರಗಿನಿಂದ ಕೊಡವಿದರು. "ಒಂದು ತಿಂಗಳು. ನಿಂಬೆಹಣ್ಣು ಮುಟ್ಟಿದರೆ ನೋಡಿ!"

*

ಮಾವ ಜಂಬ ಬಿಟ್ಟು ಮೆಕ್ಯಾನಿಕ್ ಜಬೀವುಲ್ಲಾ ಅವರ ಬಾಗಿಲಿಗೆ ಹೋದರು. ಅವರು ಇಪ್ಪತ್ತೆಂಟು ದಿನ ಗಾಡಿಯ ಕೆಳಗೇ ಸಂಸಾರ ಮಾಡಿದರು. ಹೊಸ ಬ್ರೇಕು, ಹೊಸ ಟ್ಯಾಂಕು, ಹೊಸ ಚಿಲಕ. ಗಜೇಂದ್ರ ಮದುಮಗನ ಹಾಗೆ ಹೊಳೆದ. ಕೊನೆಯ ದಿನ ಮಾವ ಕೀ ತಿರುಗಿಸಿದರು.

ಸದ್ದಿಲ್ಲ.

ನಾನು ಹ್ಞೂಂ ಅಂದೆ. ಅಜ್ಜಿ ಹ್ಞೂಂ ಅಂದಳು. ಜಬೀವುಲ್ಲಾ, ಅವರ ಹೆಂಡತಿ, ಎಲ್ಲರೂ ಹ್ಞೂಂ ಅಂದರು. ಗಜೇಂದ್ರ ತುಟಿ ಪಿಟಕ್ಕೆನ್ನಲಿಲ್ಲ.

ಜಬೀವುಲ್ಲಾ ಹಣೆ ಒರೆಸಿಕೊಂಡರು. "ಓಬಳೇಶಣ್ಣ, ಇದಕ್ಕೀಗ ಒಂದೂ ತೊಂದರೆ ಇಲ್ಲ. ಏನಂತ ಕತೆ ಹೇಳುತ್ತೆ?"

ಕಷ್ಟವಿಲ್ಲ, ಹಾಗಾಗಿ ಕತೆಯಿಲ್ಲ. ಕತೆಯಿಲ್ಲ, ಹಾಗಾಗಿ ಎಂಜಿನ್ನಿಲ್ಲ! ಯಂತ್ರವನ್ನು ಕಿತ್ತು ಹಾಕೋಣವೆಂದರೆ ಮಾವ ಅದನ್ನು ಎಂಜಿನ್ನಿಗೇ ವೆಲ್ಡಿಂಗ್ ಮಾಡಿಸಿದ್ದರು. ನಾಳೆಗೆ ಗಡುವು. ಎಲ್ಲ ಸರಿಯಾಗಿಯೇ ನಮ್ಮ ಗಜೇಂದ್ರ ಗುಜರಿಗೆ ಹೊರಟಿದ್ದ.

ಅತ್ತೆ ಬಂದು ಡ್ರೈವರ್ ಸೀಟಿನಲ್ಲಿ ಧೊಪ್ಪನೆ ಕೂತರು. ಅವರ ಕಣ್ಣಲ್ಲಿ ನೀರಿತ್ತು.

"ಮದುವೆಯಾದಾಗಿನಿಂದ ಇದೇ ಆಯ್ತು" ಅಂದರು, ಯಾರಿಗೂ ಅಲ್ಲ, ಸ್ಟೇರಿಂಗಿಗೆ. "ಮೊದಲನೇ ವರ್ಷ ಬೀಸೋಕಲ್ಲಿಗೆ ಮೋಟಾರು ಕಟ್ಟಿ ಗೋಡೆ ಒಡೆದರು."

ಕಹಳೆಯಿಂದ ಒಂದು ದನಿ ಬಂತು.

"ಹ್ಞೂಂ."

ಅದು ಅಜ್ಜಿಯ ದನಿಯಲ್ಲ. ನನ್ನದು! ಆರು ವರ್ಷದ ನನ್ನದು. ಕ್ಯಾಸೆಟ್ಟಿನ ತುಂಬ ಅಜ್ಜಿಯ ಕತೆಯ ಜೊತೆ ನನ್ನ ಹ್ಞೂಂಗಳೂ ಇದ್ದವಲ್ಲ, ಯಂತ್ರ ಅವನ್ನೂ ಜೋಪಾನವಾಗಿ ಇಟ್ಟುಕೊಂಡಿತ್ತು. ಯಂತ್ರ ಬಾಯಿ ಬಿಟ್ಟಿದ್ದೇ ತಡ, ಎಂಜಿನ್ ಮೆಲ್ಲಗೆ ಗುರುಗುಟ್ಟಿತು.

ಅತ್ತೆ ಬೆಚ್ಚಿದರು. ಸುತ್ತ ನೋಡಿದರು. ಆಮೇಲೆ ಸೀಟು ಸರಿಮಾಡಿಕೊಂಡು ಕೂತರು. "ಎರಡನೇ ವರ್ಷ ನನ್ನ ತವರಿನ ಹಂಡೆಗೆ ಚಕ್ರ ಹಚ್ಚಿದರು. ಅದು ಕೆರೆಗೆ ಹೋಯ್ತು."

"ಹ್ಞೂಂ!"

ಗಜೇಂದ್ರ ಹೊರಟೇಬಿಟ್ಟ!

ಮರುದಿನ ಇನ್ಸ್‌ಪೆಕ್ಟರು ಗಾಡಿ ಓಡಿಸಿ ನೋಡಿದಾಗ ಪಕ್ಕದಲ್ಲಿ ಅತ್ತೆ ಕೂತಿದ್ದರು. ಮೈದಾನಕ್ಕೆ ಹನ್ನೊಂದು ಸುತ್ತು. ಬ್ರೇಕು ಕರೆದ ಕೂಡಲೆ ಬಂತು, ಆಕ್ಸಿಲೇಟರ್ ಹೋದ ಹಾಗೇ ತಿರುಗಿ ಬಂತು. ಪಾಸು! ಚೀಟಿ ಕೊಡುವಾಗ ಇನ್ಸ್‌ಪೆಕ್ಟರು ಮಾವನನ್ನು ಒಂದು ಥರಾ ನೋಡಿ, "ಆ ಹಂಡೆ ಆಮೇಲಾದರೂ ಸಿಕ್ಕಿತೇನ್ರೀ?" ಅಂತ ಕೇಳಿದರು.

ಈಗ ಗಾಡಿ ಓಡಿಸುವುದು ಅತ್ತೆಯೇ. ಶಾಮಿಯಾನ ತಲುಪಿಸಿ ಬಂದ ಮೇಲೂ ಬೇಕೆಂದೇ ಕೆರೆ ಏರಿಯ ಮೇಲೆ ಒಂದು ಸುತ್ತು ಹೋಗುತ್ತಾರೆ. ಇನ್ನೂ ಆರನೇ ವರ್ಷದ ಸಂಸಾರಕ್ಕೆ ಬಂದಿದ್ದಾರಂತೆ. ಮಾವ ಅಂಗಳದಲ್ಲಿ ನಿಂತು ರಸ್ತೆ ನೋಡುತ್ತ ನಿಟ್ಟುಸಿರು ಬಿಡುತ್ತಾರೆ.

"ನನ್ನ ಗಾಡಿ ಅವ್ವ! ನನ್ನ ಯಂತ್ರ! ಅವಳ ಮಾತು ಅದಕ್ಕೆ ಅಷ್ಟೊಂದು ಯಾಕೆ ಹಿಡಿಸುತ್ತೆ?"

ಅಜ್ಜಿ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಮೂವತ್ತು ವರ್ಷಕ್ಕೆ ಹ್ಞೂಂ ಅನ್ನೋನೊಬ್ಬ ಸಿಕ್ಕಿದಾನೆ ಅವಳಿಗೆ. ಡೀಸೆಲ್ ಕುಡಿದರೆ ಕುಡೀಲಿ ಬಿಡು."